ಕನ್ನಡ ಕಲಿತು ಕಲಿಸಿದ ಜರ್ಮನ್ ಮೇಷ್ಟ್ರು

ನಮ್ಮ ಕೌಲ್ ಬಜಾರ್‌ನ ಹುಡುಗರೂ ಈಗ ಜರ್ಮನ್ ಕಲಿಯುವ ಮಾತಾಡುತ್ತಾರೆ. ಬಿಇ ಮುಗಿಸಿ ಅಲ್ಲಿ ಎಂಎಸ್ ಮಾಡಬೇಕು, ಕೆಲಸ ಹಿಡಿಯಬೇಕು ಎಂಬ ಆಸೆ. ಸುಮಾರು 190 ವರ್ಷಗಳ ಹಿಂದೆ ಈ ಪಯಣ ಎದುರು ದಿಕ್ಕಿನಲ್ಲಿತ್ತು. ಜರ್ಮನ್ ಮನೆಮಾತಿನ ಯುವಕರು ಹಡಗು ಹತ್ತಿ ಬಂದು ಕನ್ನಡ ಕಲಿತರು, ಶಾಲೆ ನಡೆಸಿದರು. ಅವರಲ್ಲಿ ಪ್ರಮುಖರು ಹರ್ಮನ್ ಮೋಗ್ಲಿಂಗ್.

1811ರಲ್ಲಿ ಜರ್ಮನಿಯ ಬ್ರಾಕನ್‌ಹೈಮ್‌ನಲ್ಲಿ ಹುಟ್ಟಿದ ಮೋಗ್ಲಿಂಗ್, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರ ಓದಿದರು. ಸ್ವಿಟ್ಜರ್ಲೆಂಡ್‌ನ ಬಾಸೆಲ್ ಮಿಷನ್ ಸೇರಿ 1836ರ ಕೊನೆಯಲ್ಲಿ ಮಂಗಳೂರಿಗೆ ಬಂದಾಗ ಅವರಿಗೆ ಬರೀ 25 ವರ್ಷ. ಮಿಷನ್ ಅಲ್ಲಿ ಆಗಷ್ಟೇ ಶಾಲೆಯ ಕೆಲಸ ಆರಂಭಿಸಿತ್ತು. ಮೇಷ್ಟ್ರುಗಳ ಭಾಷೆ ಜರ್ಮನ್, ಆಳುವವರ ಭಾಷೆ ಇಂಗ್ಲಿಷ್. ಆದರೂ ಮಕ್ಕಳಿಗೆ ಪಾಠ ಮುಟ್ಟಬೇಕಾದರೆ ತಾವೇ ಕನ್ನಡ ಕಲಿಯಬೇಕೆಂದು ಮೋಗ್ಲಿಂಗ್ ಕಂಡುಕೊಂಡರು. ಕಲಿತರು, ಕಲಿಸಿದರು. ಮುಂದೆ 1847ರಲ್ಲಿ ಬಲ್ಮಠದಲ್ಲಿ ಉಪದೇಶಿಗಳನ್ನು ತಯಾರು ಮಾಡುವ ಸೆಮಿನರಿಯೂ ಶುರುವಾಯಿತು.

ಮಿಷನ್‌ನ ಮೂಲ ಉದ್ದೇಶ ಧರ್ಮಪ್ರಚಾರವೇ ಆಗಿತ್ತು. 1844ರಲ್ಲಿ ಮೋಗ್ಲಿಂಗರ ಶಿಷ್ಯ ಆನಂದರಾವ್ ಕೌಂಡಿನ್ಯ ಕ್ರೈಸ್ತ ಧರ್ಮ ಸೇರಿದಾಗ ಊರಲ್ಲಿ ದೊಡ್ಡ ಗದ್ದಲವೆದ್ದಿತು. 1846ರಲ್ಲಿ ಗುರುವಿನ ಜತೆ ಯುರೋಪಿಗೆ ಹೋದ ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ 1851ರಲ್ಲಿ ಮರಳಿದರು. ಜರ್ಮನ್ ಮಾತಾಡುವ ನಾಡಿಗೆ ಓದಲು ಹೋದ ನಮ್ಮವರಲ್ಲಿ ಅವರು ಮೊದಲಿಗರ ಸಾಲಿನವರು.

ಶಾಲೆಯಿದ್ದರೆ ಸಾಲದು, ಓದಲು ಏನಾದರೂ ಬೇಕಲ್ಲ! 1843ರ ಜುಲೈ 1ರಂದು ಮೋಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಅದೇ ಕನ್ನಡದ ಮೊದಲ ಪತ್ರಿಕೆ. ಹಾಗಾಗಿಯೇ ಜುಲೈ 1 ನಮಗೆ ಪತ್ರಿಕಾ ದಿನ. ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ ನಾಲ್ಕು ಪುಟಗಳ ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು. ನುಣ್ಣನೆಯ ಕಲ್ಲಿನ ಮೇಲೆ ಜಿಡ್ಡಿನ ಮಸಿಯ ಅಕ್ಷರ ಮೂಡಿಸಿ ನೀರು ಸವರುತ್ತಾರೆ. ಆಮೇಲೆ ಹಚ್ಚುವ ಮಸಿ ಜಿಡ್ಡಿದ್ದಲ್ಲಿ ಮಾತ್ರ ಹಿಡಿಯುತ್ತದೆ. ಎಣ್ಣೆ ಮತ್ತು ನೀರು ಬೆರೆಯುವುದಿಲ್ಲ ಎಂಬ ಸರಳ ತತ್ವ, ಅಷ್ಟೇ.

ಬಳ್ಳಾರಿಯವರಾದ ನಾವು ಹೆಮ್ಮೆಪಡಬೇಕಾದ ಸಂಗತಿ ಮುಂದಿದೆ. 1844ರ ಮಾರ್ಚ್‌ನಿಂದ ಪತ್ರಿಕೆಯ ಮುದ್ರಣ ನಮ್ಮ ಬಳ್ಳಾರಿಗೆ ಬಂತು. ಇಲ್ಲಿ ಅಚ್ಚುಮೊಳೆಗಳ ಮುದ್ರಣವಿತ್ತು. ಹೆಸರು ‘ಕನ್ನಡ ಸಮಾಚಾರ’ ಎಂದಾಯಿತು. ಒಂದು ಊರಿನ ಹೆಸರು ಹೊತ್ತಿದ್ದ ಪತ್ರಿಕೆ ಇಡೀ ಭಾಷೆಯ ಹೆಸರು ಪಡೆದದ್ದು ನಮ್ಮೂರಿನಲ್ಲಿ. ಗಣಿ ಮತ್ತು ಜೀನ್ಸ್‌ಗೆ ಹೆಸರಾದ ಊರಿನ ಈ ಕಥೆ ನಮ್ಮ ಎಷ್ಟು ಮಂದಿ ಗೆಳೆಯರಿಗೆ ಗೊತ್ತು?

1848ರಿಂದ 1853ರವರೆಗೆ ಮೋಗ್ಲಿಂಗ್ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕನ್ನಡ ಕೃತಿಗಳನ್ನು ಅಚ್ಚು ಹಾಕಿಸಿದರು. ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಅದರಲ್ಲಿದ್ದವು. ಕ್ರೈಸ್ತ ಪಾದ್ರಿಯೊಬ್ಬರು ಶರಣರ ಕಥೆಯನ್ನೂ ಹರಿದಾಸರ ಹಾಡನ್ನೂ ಓಲೆಗರಿಯಿಂದ ಕಾಗದಕ್ಕೆ ತಂದರು. ಈ ದುಡಿಮೆಗೆ 1858ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಕೆಲ ವರ್ಷ ಕೊಡಗಿನಲ್ಲಿ ದುಡಿದ ಅವರು 1860ರಲ್ಲಿ ತಾಯ್ನಾಡಿಗೆ ಮರಳಿ, 1881ರಲ್ಲಿ ಎಸ್ಲಿಂಗನ್‌ನಲ್ಲಿ ತೀರಿಕೊಂಡರು.

ಗೆಳೆಯರೇ, ನಾವು ಭಾಷೆಯನ್ನು ಎ1, ಎ2, ಬಿ1 ಎಂದು ಮೆಟ್ಟಿಲು ಲೆಕ್ಕದಲ್ಲಿ ಕಲಿಯುತ್ತೇವೆ. ವೀಸಾಕ್ಕೆ, ಪ್ರವೇಶಕ್ಕೆ ಅದು ಬೇಕೇ ಬೇಕು. ಆದರೆ ಪ್ರಮಾಣಪತ್ರ ಕೈಗೆ ಬಂದ ಮೇಲೆ ಆ ಭಾಷೆಯಲ್ಲಿ ನಾವು ಏನು ಮಾಡುತ್ತೇವೆ? ಮೋಗ್ಲಿಂಗ್ ಬಂದ ಏಳನೇ ವರ್ಷಕ್ಕೆ ಕನ್ನಡಕ್ಕೊಂದು ಪತ್ರಿಕೆ ಕೊಟ್ಟರು. ಹಾಗೆಯೇ, ಕನ್ನಡ ಮಾಧ್ಯಮದಲ್ಲಿ ಓದಿದೆ ಎಂದು ಸಂದರ್ಶನದಲ್ಲಿ ಹೇಳಲು ಹಿಂಜರಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಟ್ಯೂಬಿಂಗನ್‌ನಲ್ಲಿ ಓದಿದ ಯುವಕ ಬೆವರು ಸುರಿಸಿ ಕಲಿತ ಭಾಷೆ ನಮಗೆ ಮನೆಯಲ್ಲೇ ಸಿಕ್ಕಿದೆ. ಜರ್ಮನಿಗೆ ಹೊರಡುವಾಗ ಸೂಟ್‌ಕೇಸಿನಲ್ಲಿ ಅದಕ್ಕೂ ಜಾಗವಿರಲಿ.