ಕಾರ್ಲ್ ರೆಮಿಗಿಯಸ್ ಫ್ರೆಸೇನಿಯಸ್

ಕಾರ್ಲ್ ರೆಮಿಗಿಯಸ್ ಫ್ರೆಸೇನಿಯಸ್ (ಡಿಸೆಂಬರ್ 28, 1818 – ಜೂನ್ 11, 1897) ಜರ್ಮನಿಯ ರಸಾಯನವಿಜ್ಞಾನಿ. ಅಜ್ಞಾತ ಲವಣವೊಂದರ ಘಟಕಗಳನ್ನು ಪತ್ತೆಹಚ್ಚುವ ಗುಣಾತ್ಮಕ ವಿಶ್ಲೇಷಣೆಯನ್ನು, ಯಾವ ವಿದ್ಯಾರ್ಥಿಯೂ ಹಂತಹಂತವಾಗಿ ಅನುಸರಿಸಬಲ್ಲ ಕ್ರಮವಾಗಿ ರೂಪಿಸಿದವರಲ್ಲಿ ಇವರು ಪ್ರಮುಖರು. ಕರ್ನಾಟಕದ ಪದವಿಪೂರ್ವ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಕಲಿಸುವ ಲವಣ ವಿಶ್ಲೇಷಣೆಯೂ ಇದೇ ಪರಂಪರೆಗೆ ಸೇರಿದೆ.

ಜನನ ಮತ್ತು ಶಿಕ್ಷಣ

ಫ್ರೆಸೇನಿಯಸ್ ಮೈನ್ ನದಿಯ ದಡದ ಫ್ರಾಂಕ್‌ಫರ್ಟ್ ನಗರದಲ್ಲಿ ಜನಿಸಿದರು. ತಂದೆ ವಕೀಲರು. 1836ರಲ್ಲಿ ಅದೇ ನಗರದ ಔಷಧಾಲಯವೊಂದರಲ್ಲಿ ತರಬೇತಿಗೆ ಸೇರಿದ ಇವರು, 1840ರಲ್ಲಿ ಬಾನ್ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಆರಂಭಿಸಿದರು. ಪ್ರಾಯೋಗಿಕ ಅಭ್ಯಾಸಕ್ಕಾಗಿ ಮಾರ್ಕ್ವಾರ್ಟ್ ಅವರ ಖಾಸಗಿ ಪ್ರಯೋಗಾಲಯವನ್ನು ಆಶ್ರಯಿಸಿದರು. ಅನಂತರ ಗೀಸೆನ್ ನಗರಕ್ಕೆ ತೆರಳಿ, ಅಂದಿನ ಪ್ರಸಿದ್ಧ ರಸಾಯನವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್ ಅವರ ಶಿಷ್ಯರೂ ಸಹಾಯಕರೂ ಆಗಿ, 1842ರಲ್ಲಿ ಡಾಕ್ಟರೇಟ್ ಪದವಿ ಪಡೆದರು.

ಗುಣಾತ್ಮಕ ವಿಶ್ಲೇಷಣೆಯ ಗ್ರಂಥ

ಫ್ರೆಸೇನಿಯಸ್ ಅವರಿಗಿಂತ ಮೊದಲೇ ಸ್ವೀಡನ್ನಿನ ಟೋರ್ಬೆರ್ನ್ ಬೆರ್ಗ್‌ಮನ್, ಜರ್ಮನಿಯ ಹೈನ್‌ರಿಖ್ ರೋಸ್ ಮೊದಲಾದವರು ವಿಶ್ಲೇಷಣೆಯ ವಿಧಾನಗಳನ್ನು ಬೆಳೆಸಿದ್ದರು. 1829ರಲ್ಲಿ ಪ್ರಕಟವಾದ ರೋಸ್ ಅವರ ಕೈಪಿಡಿ ಪರಿಣತರಿಗೆ ಉಪಯುಕ್ತವಾಗಿದ್ದರೂ ಅದರ ವಿಸ್ತಾರವು ಹೊಸಬರಿಗೆ ತೊಡಕಾಗಿತ್ತು. ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಫ್ರೆಸೇನಿಯಸ್ 1841ರಲ್ಲಿ ಗುಣಾತ್ಮಕ ವಿಶ್ಲೇಷಣೆಯ ಕೈಪಿಡಿಯನ್ನು ಪ್ರಕಟಿಸಿದರು. ಸಾಮಾನ್ಯವಾಗಿ ದೊರೆಯುವ ಪದಾರ್ಥಗಳನ್ನಷ್ಟೇ ಆರಿಸಿ, ನಂಬಲರ್ಹವಾದ ಕೆಲವೇ ಪರೀಕ್ಷೆಗಳನ್ನು ನಿರ್ದಿಷ್ಟ ಅನುಕ್ರಮದಲ್ಲಿ ಜೋಡಿಸಿದ್ದು ಈ ಗ್ರಂಥದ ವೈಶಿಷ್ಟ್ಯ. ಎರಡನೆಯ ಮುದ್ರಣಕ್ಕೆ ಲೀಬಿಗ್ ಮುನ್ನುಡಿ ಬರೆದರು. ಲೇಖಕರ ಜೀವಿತಕಾಲದಲ್ಲಿಯೇ ಹಲವು ಪರಿಷ್ಕೃತ ಆವೃತ್ತಿಗಳನ್ನು ಕಂಡ ಗ್ರಂಥವು ಇಂಗ್ಲಿಷ್ ಸೇರಿದಂತೆ ಅನೇಕ ಭಾಷೆಗಳಿಗೆ ಅನುವಾದಗೊಂಡಿತು. ಪರಿಮಾಣಾತ್ಮಕ ವಿಶ್ಲೇಷಣೆಯನ್ನು ಕುರಿತ ಇವರ ಗ್ರಂಥವು 1846ರಲ್ಲಿ ಹೊರಬಂದಿತು.

ಗುಂಪು ಪದ್ಧತಿಯ ತತ್ತ್ವ

ಲೋಹಗಳನ್ನು ಒಂದೊಂದಾಗಿ ಹುಡುಕುವ ಬದಲು, ಒಂದೇ ಕಾರಕದೊಡನೆ ಪ್ರಕ್ಷೇಪಗೊಳ್ಳುವ ಲೋಹಗಳನ್ನು ಒಟ್ಟಾಗಿ ಬೇರ್ಪಡಿಸುವುದು ಈ ಪದ್ಧತಿಯ ಮೂಲತತ್ತ್ವ. ಲವಣದ ದ್ರಾವಣಕ್ಕೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲವನ್ನು ಸೇರಿಸಿದಾಗ ಬೆಳ್ಳಿ, ಸೀಸ ಮುಂತಾದವು ಕ್ಲೋರೈಡುಗಳಾಗಿ ತಳಕ್ಕಿಳಿಯುತ್ತವೆ. ಆಮ್ಲೀಯ ದ್ರಾವಣದಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಹಾಯಿಸಿದಾಗ ತಾಮ್ರ, ಕ್ಯಾಡ್ಮಿಯಂ, ಆರ್ಸೆನಿಕ್ ಮೊದಲಾದವು ಸಲ್ಫೈಡುಗಳಾಗಿ ಬೇರ್ಪಡುತ್ತವೆ. ಕಬ್ಬಿಣ, ಸತು, ನಿಕಲ್ ಮುಂತಾದವು ಕ್ಷಾರೀಯ ದ್ರಾವಣದಲ್ಲಿಯೂ, ಬೇರಿಯಂ, ಸ್ಟ್ರಾನ್ಷಿಯಂ, ಕ್ಯಾಲ್ಸಿಯಂಗಳು ಅಮೋನಿಯಂ ಕಾರ್ಬೊನೇಟಿನೊಡನೆಯೂ ಪ್ರಕ್ಷೇಪಗೊಳ್ಳುತ್ತವೆ. ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂಗಳು ದ್ರಾವಣದಲ್ಲಿ ಉಳಿಯುತ್ತವೆ.

ಈ ಅನುಕ್ರಮವನ್ನು ಬದಲಿಸುವಂತಿಲ್ಲ. ಆಮ್ಲೀಯತೆ ಇಲ್ಲದ ದ್ರಾವಣಕ್ಕೆ ಹೈಡ್ರೋಜನ್ ಸಲ್ಫೈಡ್ ಹಾಯಿಸಿದರೆ ತಾಮ್ರದೊಡನೆ ಸತುವೂ ಪ್ರಕ್ಷೇಪಗೊಂಡು ಎರಡು ಗುಂಪುಗಳು ಬೆರೆತುಹೋಗುತ್ತವೆ. ಕಾರಕಗಳಲ್ಲಿಯೇ ಅಮೋನಿಯಂ ಇರುವುದರಿಂದ ಅದರ ಪರೀಕ್ಷೆಯನ್ನು ಮೂಲ ಲವಣದ ಮೇಲೆಯೇ ನಡೆಸಬೇಕಾಗುತ್ತದೆ.

ಫ್ರೆಸೇನಿಯಸ್ ಗ್ರಂಥ ರಚಿಸಿದ ಕಾಲದಲ್ಲಿ ಈ ಕ್ರಮಕ್ಕೆ ಅನುಭವವೇ ಆಧಾರವಾಗಿತ್ತು. 1887ರಲ್ಲಿ ಅರ್ಹೇನಿಯಸ್ ಮಂಡಿಸಿದ ಅಯಾನೀಕರಣ ಸಿದ್ಧಾಂತವನ್ನು ಅನುಸರಿಸಿ ಓಸ್ಟ್‌ವಾಲ್ಡ್ 1894ರಲ್ಲಿ ಇದಕ್ಕೆ ಸೈದ್ಧಾಂತಿಕ ವಿವರಣೆ ನೀಡಿದರು. ಆಮ್ಲದ ಹೈಡ್ರೋಜನ್ ಅಯಾನುಗಳು ಸಲ್ಫೈಡ್ ಅಯಾನುಗಳ ಸಾರತೆಯನ್ನು ತಗ್ಗಿಸುತ್ತವೆ. ಆದ್ದರಿಂದ ಅತ್ಯಲ್ಪ ವಿಲೇಯತೆಯುಳ್ಳ ಸಲ್ಫೈಡುಗಳು ಮಾತ್ರ ಆ ಹಂತದಲ್ಲಿ ಪ್ರಕ್ಷೇಪಗೊಳ್ಳುತ್ತವೆ.

ವೀಸ್‌ಬಾಡೆನ್ ಪ್ರಯೋಗಾಲಯ

1845ರಲ್ಲಿ ಫ್ರೆಸೇನಿಯಸ್ ವೀಸ್‌ಬಾಡೆನ್ನಿನ ಕೃಷಿ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಅಲ್ಲಿ ಸಮರ್ಪಕವಾದ ಪ್ರಯೋಗಾಲಯ ಇರಲಿಲ್ಲ. ಯುರೋಪಿನಾದ್ಯಂತ ಕ್ರಾಂತಿಯ ಕೋಲಾಹಲವೆದ್ದಿದ್ದ 1848ರಲ್ಲಿ ಇವರು ಐವರು ವಿದ್ಯಾರ್ಥಿಗಳೊಡನೆ ಖಾಸಗಿ ಪ್ರಯೋಗಾಲಯವನ್ನು ತೆರೆದರು. ಶಂಕುವಿನಾಕಾರದ ಗಾಜಿನ ಪಾತ್ರೆಗೆ ತಮ್ಮ ಹೆಸರನ್ನಿತ್ತ ಎಮಿಲ್ ಎರ್ಲೆನ್‌ಮೇಯರ್ ಆರಂಭದಲ್ಲಿ ಅಲ್ಲಿ ಸಹಾಯಕರಾಗಿದ್ದರು. ಬೋಧನೆಯ ಜೊತೆಗೆ ವಾಣಿಜ್ಯ, ಕೈಗಾರಿಕೆ ಮತ್ತು ಕೃಷಿಗೆ ಸಂಬಂಧಿಸಿದ ಮಾದರಿಗಳ ಪರೀಕ್ಷೆಯೂ ಅಲ್ಲಿ ನಡೆಯುತ್ತಿತ್ತು. ನಸ್ಸೌ ಪ್ರಾಂತ್ಯದ ಖನಿಜ ಜಲದ ಚಿಲುಮೆಗಳನ್ನು ಕುರಿತ ಇವರ ವಿಶ್ಲೇಷಣೆಗಳು ವಿಶೇಷ ಮನ್ನಣೆ ಗಳಿಸಿದವು.

1862ರಲ್ಲಿ ಫ್ರೆಸೇನಿಯಸ್ ವಿಶ್ಲೇಷಣಾತ್ಮಕ ರಸಾಯನಶಾಸ್ತ್ರಕ್ಕೇ ಮೀಸಲಾದ ನಿಯತಕಾಲಿಕವನ್ನು ಆರಂಭಿಸಿದರು. ವಿಶ್ಲೇಷಣೆಯು ರಸಾಯನಶಾಸ್ತ್ರದ ಸ್ವತಂತ್ರ ಶಾಖೆಯಾಗಿ ನೆಲೆಗೊಳ್ಳಲು ಇದು ನೆರವಾಯಿತು.

ನಿಧನ ಮತ್ತು ಪರಂಪರೆ

ಫ್ರೆಸೇನಿಯಸ್ 1897ರಲ್ಲಿ ವೀಸ್‌ಬಾಡೆನ್ನಿನಲ್ಲಿ ನಿಧನರಾದರು. ಪುತ್ರರಾದ ಹೈನ್‌ರಿಖ್ ಮತ್ತು ವಿಲ್ಹೆಲ್ಮ್ ಪ್ರಯೋಗಾಲಯದ ಕಾರ್ಯವನ್ನು ಮುಂದುವರಿಸಿದರು. ಅಲ್ಲಿನ ಬೋಧನಾ ವಿಭಾಗದಿಂದ ಬೆಳೆದ ಉನ್ನತ ಶಿಕ್ಷಣ ಸಂಸ್ಥೆ ಇಂದಿಗೂ ಜರ್ಮನಿಯಲ್ಲಿ ಇವರ ಹೆಸರಿನಲ್ಲಿ ನಡೆಯುತ್ತಿದೆ. ಉಪಕರಣಗಳು ಈಗ ಮಾದರಿಯ ಘಟಕಗಳನ್ನು ಅಲ್ಪಕಾಲದಲ್ಲಿ ಗುರುತಿಸುತ್ತವೆಯಾದರೂ, ಒಂದು ಸಾಧ್ಯತೆಯನ್ನು ಪರೀಕ್ಷೆಯಿಂದ ತಳ್ಳಿಹಾಕಿದ ಬಳಿಕವೇ ಮುಂದಿನದಕ್ಕೆ ಸಾಗುವ ಅಭ್ಯಾಸವನ್ನು ಕಲಿಸಲು ಗುಂಪು ಪದ್ಧತಿಯು ತರಗತಿಗಳಲ್ಲಿ ಉಳಿದುಬಂದಿದೆ.