ಓಮ್ ಮೇಷ್ಟ್ರು

ವಿದ್ಯುತ್ ರೋಧವನ್ನು ಅಳೆಯುವ ಏಕಮಾನ ಓಮ್ ಎಂದು ನಮ್ಮ ಶಾಲೆಯಲ್ಲಿ ಓದಿದವರೆಲ್ಲ ಉರು ಹೊಡೆದವರೇ. ಪ್ಯಾರಿಸ್‌ನಲ್ಲಿ 1881ರಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಆ ಏಕಮಾನಕ್ಕೆ ಮನ್ನಣೆ ಕೊಟ್ಟಿತು. ಆ ಹೆಸರಿನ ಮನುಷ್ಯ ಒಬ್ಬ ಹೈಸ್ಕೂಲು ಮೇಷ್ಟ್ರಾಗಿದ್ದರು ಎಂಬುದನ್ನು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ವಿಜ್ಞಾನ ಶಿಕ್ಷಕನಾದ ನಾನು ಈ ಸಂಚಿಕೆಯಲ್ಲಾದರೂ ಅದನ್ನು ಹೇಳಬೇಕೆಂದುಕೊಂಡೆ.

ಜಾರ್ಜ್ ಸೈಮನ್ ಓಮ್ 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ ಹುಟ್ಟಿದರು. ತಂದೆ ಬೀಗ ಮಾಡುವ ಕೆಲಸಗಾರ. ಗಣಿತವನ್ನು ತಾವೇ ಓದಿಕೊಂಡು ಮಕ್ಕಳಿಗೂ ಹೇಳಿಕೊಟ್ಟವರು. ಓಮ್‌ಗೆ ಹತ್ತು ವರ್ಷವಾದಾಗ ತಾಯಿ ತೀರಿಕೊಂಡರು. ವಿಶ್ವವಿದ್ಯಾಲಯಕ್ಕೆ ಸೇರಿದ ಮಗ ಕುಣಿತ, ಬಿಲಿಯರ್ಡ್ಸ್ ಆಟಗಳಲ್ಲಿ ಕಾಲ ಕಳೆಯುತ್ತಿದ್ದಾನೆಂದು ಸಿಟ್ಟಾದ ತಂದೆ ಮೂರು ಸೆಮಿಸ್ಟರಿಗೇ ಓದು ಬಿಡಿಸಿ ಸ್ವಿಟ್ಜರ್ಲೆಂಡಿಗೆ ಅಟ್ಟಿದರು. ಅಲ್ಲಿ ಗಣಿತದ ಮೇಷ್ಟ್ರಾದರು. 1811ರಲ್ಲಿ ಡಾಕ್ಟರೇಟ್ ಪಡೆದು, ಮತ್ತೆ ಶಾಲೆಗಳಲ್ಲೇ ಪಾಠ ಹೇಳುತ್ತ, 1817ರಲ್ಲಿ ಕಲೋನ್ ನಗರದ ಹೈಸ್ಕೂಲಿಗೆ ಬಂದರು. ಅಲ್ಲಿ ಒಳ್ಳೆಯ ಪ್ರಯೋಗಾಲಯವಿತ್ತು.

ತಂತಿ ಉದ್ದವಾದಂತೆ ವಿದ್ಯುತ್ ಪ್ರವಾಹ ಎಷ್ಟು ಕುಗ್ಗುತ್ತದೆ? ಇಷ್ಟೇ ಅವರ ಪ್ರಶ್ನೆ. 1825ರಲ್ಲಿ ಪ್ರಕಟಿಸಿದ ಮೊದಲ ಸೂತ್ರ ಸರಿಯಿರಲಿಲ್ಲ. ಆಗಿನ ಕೋಶಗಳು ಬಳಸುತ್ತಿದ್ದಂತೆಯೇ ಬಲ ಕಳೆದುಕೊಳ್ಳುತ್ತಿದ್ದವು. ಪ್ರವಾಹ ಇಳಿದದ್ದು ತಂತಿಯಿಂದಲೋ ಕೋಶದಿಂದಲೋ ಹೇಳುವುದು ಹೇಗೆ? ಪತ್ರಿಕಾ ಸಂಪಾದಕ ಪೊಗೆಂಡಾರ್ಫ್ ಅವರ ಸಲಹೆಯಂತೆ ಓಮ್ ಕೋಶವನ್ನೇ ಬದಿಗಿಟ್ಟರು. ಬಿಸ್ಮತ್ ಮತ್ತು ತಾಮ್ರವನ್ನು ಎರಡು ಕಡೆ ಕೂಡಿಸಿ, ಒಂದು ಕೂಡುಜಾಗವನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟರು. ಉಷ್ಣತೆಯ ಅಂತರ ಬದಲಾಗದ್ದರಿಂದ ವಿದ್ಯುತ್ ಬಲವೂ ಬದಲಾಗಲಿಲ್ಲ. 2 ಅಂಗುಲದಿಂದ 130 ಅಂಗುಲದವರೆಗಿನ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಜೋಡಿಸಿ, ತೂಗುಬಿಟ್ಟ ಕಾಂತಸೂಜಿಯ ಸಹಾಯದಿಂದ ಪ್ರವಾಹ ಅಳೆದರು. 1826ರಲ್ಲಿ ನಿಯಮ ಕೈಗೆ ಸಿಕ್ಕಿತು.

ಈಗ ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಮಕ್ಕಳು ಇದನ್ನು ಹತ್ತು ನಿಮಿಷದಲ್ಲಿ ಮಾಡುತ್ತಾರೆ. ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು ಎಳೆದು ತಂದು ಜೋಡಿಸಿದರೆ ಎಲೆಕ್ಟ್ರಾನುಗಳು ಸಾಲಾಗಿ ಹರಿಯುವುದು ಕಾಣುತ್ತದೆ. 9 ವೋಲ್ಟಿಗೆ 10 ಓಮ್ ರೋಧ ಹಾಕಿದರೆ 0.9 ಆಂಪಿಯರ್, 20 ಓಮ್ ಮಾಡಿದರೆ 0.45. ಶಾರ್ಟ್ ಮಾಡಿದರೆ ಪರದೆಯಲ್ಲಷ್ಟೇ ಬೆಂಕಿ, ಯಾರ ಕೈಯೂ ಸುಡುವುದಿಲ್ಲ. ಬೋರ್ಡಿನ ಮೇಲೆ ಚಿತ್ರ ಬರೆದು ಗಂಟಲು ಹರಿದುಕೊಂಡರೂ ಹತ್ತದ ಸರಣಿ, ಸಮಾಂತರ ಜೋಡಣೆಗಳು ಹಿಂದಿನ ಬೆಂಚಿನವರಿಗೂ ಹತ್ತುತ್ತವೆ. ಇದು ದೊಡ್ಡ ಉಪಕಾರವೇ.

ಆದರೆ ಇದರಿಂದ ಓಮ್‌ನ ನಿಯಮ ಸಾಬೀತಾಯಿತು ಎಂದು ಯಾರಾದರೂ ಬರೆದರೆ ನಾನು ಅಂಕ ಕೊಡುವುದಿಲ್ಲ. ಆ ಕಂಪ್ಯೂಟರ್ ಲೆಕ್ಕ ಹಾಕುವುದೇ ಓಮ್ ಸೂತ್ರದಿಂದ. ಒಳಗೆ ಇಟ್ಟದ್ದನ್ನೇ ಹೊರಗೆ ಕೊಡುತ್ತದೆ. ನಾವು ಬೇಡವೆಂದರೆ ಅದರ ಬ್ಯಾಟರಿ ದಣಿಯುವುದಿಲ್ಲ, ತಂತಿಯ ತುದಿಗೆ ಕಿಲುಬು ಕಟ್ಟುವುದಿಲ್ಲ. ಆ ದಣಿಯದ ಬ್ಯಾಟರಿಗಾಗಿಯೇ ಅಲ್ಲವೇ ಓಮ್ ನೀರು ಕುದಿಸುತ್ತ ಕೂತದ್ದು? ಆದ್ದರಿಂದ ಪರದೆಯ ಪಾಠ ಮುಗಿದ ಮೇಲೆ ಎರಡು ಹಳೆಯ ಟಾರ್ಚ್ ಸೆಲ್, ಒಂದು ಬಲ್ಬು, ಮೀಟರು ಮಕ್ಕಳ ಕೈಗೆ ಕೊಡುತ್ತೇನೆ. ಲೆಕ್ಕಕ್ಕೂ ಮೀಟರಿಗೂ ತಾಳೆಯಾಗದೆ ಅವರು ಜಗಳ ಶುರು ಮಾಡಿದಾಗ ಓಮ್ ಮೇಷ್ಟ್ರ ಕಥೆ ಹೇಳುತ್ತೇನೆ.

ಆ ಕಥೆಯ ಉಳಿದ ಭಾಗ ಸುಖದ್ದಲ್ಲ. ಅರ್ಧ ಸಂಬಳದ ರಜೆ ಹಾಕಿ ಬರ್ಲಿನ್‌ಗೆ ಹೋದ ಓಮ್ 1827ರಲ್ಲಿ ವಿದ್ಯುತ್ ಮಂಡಲಗಳ ಗಣಿತದ ಪುಸ್ತಕ ಪ್ರಕಟಿಸಿದರು. ಬಯಸಿದ್ದು ವಿಶ್ವವಿದ್ಯಾಲಯದ ಹುದ್ದೆ. ಸಿಕ್ಕಿದ್ದು ತಣ್ಣನೆಯ ಸ್ವಾಗತ. ಮನನೊಂದು ಕಲೋನ್‌ನ ಕೆಲಸವನ್ನೂ ಬಿಟ್ಟರು. 1833ರಲ್ಲಿ ನ್ಯೂರೆಂಬರ್ಗ್‌ನ ಪಾಲಿಟೆಕ್ನಿಕ್ ಸೇರುವವರೆಗೆ ಬರ್ಲಿನ್‌ನಲ್ಲಿ ಸಣ್ಣಪುಟ್ಟ ಪಾಠಗಳೇ ಜೀವನಾಧಾರ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲೆ ಪದಕ ಕೊಟ್ಟಿತು. ಬಯಸಿದ್ದ ಪ್ರಾಧ್ಯಾಪಕ ಪೀಠ ಮ್ಯೂನಿಕ್‌ನಲ್ಲಿ ದೊರೆತಾಗ 1852, ವಯಸ್ಸು 63. ಎರಡು ವರ್ಷ ಪಾಠ ಹೇಳಿ, 1854ರ ಜುಲೈ 6ರಂದು ತೀರಿಕೊಂಡರು.