ನರಭಕ್ಷಕರ ಬೆನ್ನತ್ತಿದ ಬೆಂಗಳೂರಿಗ ಕೆನ್ನೆತ್ ಆಂಡರ್ಸನ್: ಆತ ನಂಬಿದ್ದು .405 ವಿಂಚೆಸ್ಟರ್ ಕೋವಿಯನ್ನು!

ಪೂರ್ಣಚಂದ್ರ ತೇಜಸ್ವಿ ಅವರ 'ಕಾಡಿನ ಕತೆಗಳು' ಓದಿದ ಕನ್ನಡಿಗರಿಗೆ ಕೆನ್ನೆತ್ ಆಂಡರ್ಸನ್ ಹೆಸರು ಹೊಸದಲ್ಲ. ಬೆಳ್ಳಂದೂರು, ಜಾಲಹಳ್ಳಿ, ಮಾಗಡಿ ಎಂದರೆ ಹುಲಿ, ಚಿರತೆ ನೆನಪಾಗುವಂತೆ ಮಾಡಿದ ಬೇಟೆಗಾರ ಈತ. ಆದರೆ ಆ ಕತ್ತಲ ರಾತ್ರಿಗಳಲ್ಲಿ ಆಂಡರ್ಸನ್ ಕೈಯಲ್ಲಿದ್ದ ಕೋವಿ ಯಾವುದು, ಅದನ್ನೇ ಏಕೆ ನೆಚ್ಚಿಕೊಂಡಿದ್ದರು ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ.

ಆಂಡರ್ಸನ್ ಹುಟ್ಟಿದ್ದು 1910ರ ಮಾರ್ಚ್ 8ರಂದು, ಸಿಕಂದರಾಬಾದ್ ಬಳಿಯ ಬೊಲಾರಂನಲ್ಲಿ. ಹಲವು ತಲೆಮಾರುಗಳಿಂದ ಭಾರತದಲ್ಲೇ ನೆಲೆಸಿದ್ದ ಸ್ಕಾಟಿಷ್ ಮೂಲದ ಕುಟುಂಬ ಅವರದು. ಓದಿದ್ದು ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ. ಮುಂದೆ ನಗರದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕೆ ಸೇರಿದರು. ಕನ್ನಡ, ತಮಿಳು ಬಲ್ಲವರಾಗಿದ್ದರಿಂದ ಹಳ್ಳಿಗರ ಜತೆ ಕೂತು ಸುದ್ದಿ ಕೇಳುವುದು ಅವರಿಗೆ ಸುಲಭವಾಗಿತ್ತು. ಬೇಟೆಯ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು.

ಕೋವಿಯ ಗುಣ ಏನು?

ಅವರ ನೆಚ್ಚಿನ ಕೋವಿ ವಿಂಚೆಸ್ಟರ್ ಮಾಡೆಲ್ 1895. ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ್ದ ಈ ಬಂದೂಕಿಗೆ 1904ರಲ್ಲಿ .405 ಕ್ಯಾಲಿಬರ್ ತೋಟಾ ಬಂತು. ಇದರ ಗುಂಡಿನ ತೂಕ 300 ಗ್ರೇನ್, ಅಂದರೆ ಸುಮಾರು 19 ಗ್ರಾಂ. ಕೆಳಗಿನ ಲಿವರ್ ಎಳೆದು ಬಿಟ್ಟರೆ ಸಾಕು, ಮುಂದಿನ ತೋಟಾ ಸಿದ್ಧ. ಇನ್ನೊಂದು ಕಡೆ ಹೆಗಲಿಗೆ ಬೀಳುವ ಒದೆತವೂ ಜೋರು.

ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ಹೋದಾಗ ಇದೇ .405 ಕೋವಿಯನ್ನು ಒಯ್ದಿದ್ದರು. ಸಿಂಹಕ್ಕೆ ಅದು ಸಾಕಾಗಿತ್ತು. ಆದರೆ ಆನೆಯಂಥ ದೈತ್ಯರಿಗಾಗಿ ಅವರ ಬಳಿ .500/450 ಕ್ಯಾಲಿಬರಿನ ಜೋಡಿ ನಳಿಗೆಯ ಭಾರೀ ಬಂದೂಕು ಬೇರೆಯೇ ಇತ್ತು. ಕುಮಾವೂಂನ ಜಿಮ್ ಕಾರ್ಬೆಟ್ ದಾರಿಯೇ ಬೇರೆ. 1926ರಲ್ಲಿ ರುದ್ರಪ್ರಯಾಗದ ಚಿರತೆಯನ್ನು ಅವರು ಕೊಂದಿದ್ದು ಹಗುರವಾದ .275 ರಿಗ್ಬಿಯಿಂದ. ಅದರ ಗುಂಡು .405ರ ಗುಂಡಿನ ಅರ್ಧದಷ್ಟೂ ತೂಗುವುದಿಲ್ಲ.

ಆಂಡರ್ಸನ್ ಆಯ್ಕೆ ಇವೆರಡರ ನಡುವಿನದು. ದಕ್ಷಿಣದ ಕುರುಚಲು ಕಾಡು, ಬಿದಿರು ಮೆಳೆಗಳಲ್ಲಿ ನೂರಾರು ಗಜ ದೂರದ ಗುರಿ ಸಿಗುವುದು ಅಪರೂಪ. ರಾತ್ರಿ ಟಾರ್ಚ್ ಬೆಳಕಿನಲ್ಲಿ ಪ್ರಾಣಿ ಕಾಣುವುದೇ ಹತ್ತಾರು ಅಡಿ ಅಂತರದಲ್ಲಿ. ಅಲ್ಲಿ ಬೇಕಿದ್ದುದು ಮೈಮೇಲೆ ಬರುವ ಪ್ರಾಣಿಯನ್ನು ತಡೆದು ನಿಲ್ಲಿಸುವ ಭಾರದ ಗುಂಡು ಮತ್ತು ಮೊದಲನೆಯದು ತಪ್ಪಿದರೆ ತಕ್ಷಣ ಎರಡನೆಯದು. .405 ಇವೆರಡನ್ನೂ ಕೊಟ್ಟಿತು. 1940ರ ಹೊತ್ತಿಗೆ ಕಂಪನಿ ಈ ಮಾದರಿಯ ತಯಾರಿಕೆಯನ್ನೇ ನಿಲ್ಲಿಸಿದರೂ ಆಂಡರ್ಸನ್ ಅದನ್ನು ಬಿಡಲಿಲ್ಲ.

ಗಾಯಗೊಂಡ ಪ್ರಾಣಿಯೇ ಅಪಾಯ

ಕ್ಯಾಲಿಬರ್ ಲೆಕ್ಕ ಬರೀ ಬೇಟೆಗಾರರ ಹವ್ಯಾಸದ ಮಾತಲ್ಲ. ನಾಡಕೋವಿಯ ಚರೆ, ಹಗುರ ಗುಂಡು ತಾಗಿ ಸಾಯದೆ ಉಳಿದ ಹುಲಿ, ಚಿರತೆಗಳು ಜಿಂಕೆ ಹಿಡಿಯಲಾಗದೆ ದನಕ್ಕೆ, ಕೊನೆಗೆ ಮನುಷ್ಯರಿಗೆ ಎರಗಿದ್ದುಂಟು. ಯಾರೋ ಹಾರಿಸಿದ ಅರೆಬರೆ ಗುಂಡಿಗೆ ಇನ್ಯಾರೋ ಬಡ ದನಗಾಹಿ ಬೆಲೆ ತೆರುತ್ತಿದ್ದ. ಆದ್ದರಿಂದಲೇ ಗಾಯಗೊಂಡ ಪ್ರಾಣಿಯನ್ನು ಹಾಗೇ ಬಿಟ್ಟು ಬರುವಂತಿರಲಿಲ್ಲ. ರಕ್ತದ ಜಾಡು ಹಿಡಿದು ಕಾಲ್ನಡಿಗೆಯಲ್ಲಿ ಹೋಗಲೇಬೇಕಿತ್ತು.

1939ರಿಂದ 1966ರ ನಡುವೆ ಆಂಡರ್ಸನ್ 7 ನರಭಕ್ಷಕ ಹುಲಿಗಳು ಮತ್ತು 8 ನರಭಕ್ಷಕ ಚಿರತೆಗಳನ್ನು ಕೊಂದ ದಾಖಲೆ ಇದೆ. ಗುಮ್ಮಳಾಪುರದ ಚಿರತೆ 42 ಜನರನ್ನು ಬಲಿ ಪಡೆದಿತ್ತು. ಅರಸೀಕೆರೆ ಸೀಮೆಯ ಕರಡಿಯೊಂದು ಕನಿಷ್ಠ 12 ಜನರನ್ನು ಕೊಂದು, ಹಲವರ ಮುಖವನ್ನೇ ಹರಿದು ಹಾಕಿತ್ತು. ಅದರ ಹಾವಳಿ ನಿಂತಿದ್ದೂ ಆಂಡರ್ಸನ್ ಗುಂಡಿನಿಂದಲೇ.

ಕೋವಿಯಿಂದ ಕ್ಯಾಮೆರಾಕ್ಕೆ

1954ರಲ್ಲಿ ಮೊದಲ ಪುಸ್ತಕ ಬಂತು. ವಯಸ್ಸಾದಂತೆ ಮೋಜಿನ ಬೇಟೆ ಅವರಿಗೆ ಬೇಡವಾಯಿತು. ಕೋವಿಗಿಂತ ಕ್ಯಾಮೆರಾ ಹಿತವೆನಿಸಿತು. ತಾವು ಓಡಾಡಿದ ಕಾಡು ಕಣ್ಣೆದುರೇ ಕರಗುವುದನ್ನು ಕಂಡು, ಉಳಿದಿದ್ದನ್ನು ಕಾಪಾಡಬೇಕೆಂದು ಬರೆಯತೊಡಗಿದರು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಜಾರಿಗೆ ಬಂತು. ಎರಡು ವರ್ಷದ ನಂತರ, 1974ರ ಆಗಸ್ಟ್ 30ರಂದು ಆಂಡರ್ಸನ್ ಬೆಂಗಳೂರಿನಲ್ಲಿ ಕ್ಯಾನ್ಸರ್‌ನಿಂದ ಕೊನೆಯುಸಿರೆಳೆದರು.

ಇಂದು ಊರಿಗೆ ಹುಲಿ ಬಂದರೆ ಮೊದಲು ಹೊರಡುವುದು ಬೋನು ಮತ್ತು ಅರಿವಳಿಕೆ ಮದ್ದಿನ ಕೋವಿ. ಗುಂಡಿಕ್ಕುವುದು ಕೊನೆಯ ದಾರಿ. ಅದಕ್ಕೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಆದರೆ ಗಾಯಗೊಂಡ ಪ್ರಾಣಿ ಹೆಚ್ಚು ಅಪಾಯಕಾರಿ ಎಂಬ ಆಂಡರ್ಸನ್ ಕಾಲದ ಪಾಠ ಮಾತ್ರ ಇಂದಿಗೂ ಹಳೆಯದಾಗಿಲ್ಲ.